ಬಾಗಿಲ ಬಳಿಯ ಬ್ಯಾಟರಿ, ಮೆಹಬೂಬಿ ಹೊಲಿದ ಹೊದಿಕೆ

ಗಾಳಿಯಾಡುವ ಕೋಣೆಯಲ್ಲಿ ಕುಳಿತ ಮನೆಬ್ಯಾಟರಿ ಯೋಜನೆಯ ಅಧಿಕಾರಿಗಳೇ,

ನನ್ನ ಹೆಂಡತಿ ಮೆಹಬೂಬಿ ಬೆಂಕಿ ಅನಾಹುತದಲ್ಲಿ ಸತ್ತಳು. ಅದಕ್ಕೆ ಅವಳ ಅಜಾಗರೂಕತೆಯೇ ಕಾರಣ ಎಂದು ನಿಮ್ಮ ವರದಿ ಹೇಳುತ್ತದೆ. ಬ್ಯಾಟರಿಯ ಮೇಲೆ ಹತ್ತಿಯ ಹೊದಿಕೆ ಹಾಕಿದ್ದಳಂತೆ. ಹಾಕಿದ್ದಳು, ಖರೆ. ಆದರೆ ಆ ಬ್ಯಾಟರಿಯನ್ನು ಬಾಗಿಲ ಬಳಿ ಇಟ್ಟವರು ಯಾರು ಎಂಬುದನ್ನು ವರದಿ ಹೇಳುವುದಿಲ್ಲ. ಅದನ್ನು ನಾನೇ ಎಲ್ಲರೆದುರು ಹೇಳುತ್ತಿದ್ದೇನೆ.

ನಾವು ಬೆಟಗೇರಿಯಲ್ಲಿ ಹತ್ತಿ ಹಿಂಜಿ ಗಾದಿ ಮಾಡುವವರು. ಮನೆಯೇ ಕಾರ್ಖಾನೆ, ಉಣ್ಣುವ ತಾಟಿನ ಮೇಲೂ ಹತ್ತಿಯ ಎಳೆ. ಮನೆಗಿರುವುದು ಒಂದೇ ಬಾಗಿಲು. ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿ, ಕರೆಂಟು ಕೂಡಿಡುವ ಎರಡು ಬ್ಯಾಟರಿ ಪೆಟ್ಟಿಗೆ ತಂದ ನಿಮ್ಮವರು ಅವನ್ನು ಆ ಬಾಗಿಲ ಒಳಮಗ್ಗುಲಿಗೇ ಒಂದಕ್ಕೊಂದು ಒತ್ತಿ ಕೂಡಿಸಿದರು. ನಡುವೆ ಬೆರಳು ತೂರಿಸಲೂ ಸಂದಿರಲಿಲ್ಲ.

"ಹಿಂದಿನ ಗ್ವಾಡಿ ಹೊರಗ ಬಯಲೈತ್ರಿ. ಅಲ್ಲೊಂದ ತಗಡಿನ ನೆರಳ ಮಾಡಿ ಇಡ್ರಲ್ಲಾ," ಎಂದಿದ್ದಳು ಮೆಹಬೂಬಿ.

"ಅಷ್ಟ ದೂರ ವಾಯರ್ ಸಾಲಂಗಿಲ್ರೀ ಅಕ್ಕಾರ," ಎಂದರು.

ವಾಯರು ಉಳಿಯಿತು, ಸ್ವಾಮಿ.

ಮನೆಗೆ ಹೊಸ ವಸ್ತು ಬಂದರೆ ಅದಕ್ಕೊಂದು ಹೊದಿಕೆ ಹೊಲಿಯುವುದು ನಮ್ಮ ರೂಢಿ. ಟಿವಿಗೆ, ಮಿಕ್ಸರಿಗೆ, ಹೊಲಿಗೆ ಮಷೀನಿಗೆ, ಎಲ್ಲಕ್ಕೂ. ಇಲ್ಲದಿದ್ದರೆ ಹತ್ತಿಯ ಧೂಳು ತಿಂದುಹಾಕುತ್ತದೆ. ಸರ್ಕಾರ ಕೊಟ್ಟ ವಸ್ತುವೆಂದು ಮೆಹಬೂಬಿ ಇದಕ್ಕೆ ಹೊಸ ಹತ್ತಿ ತುಂಬಿ, ಅಂಚಿಗೆ ಕೆಂಪು ಪಟ್ಟಿ ಕೊಟ್ಟು ಹೊಲಿದಳು. ತಪಾಸಣೆಗೆ ಬಂದ ನಿಮ್ಮ ಸಿಬ್ಬಂದಿ ಅದನ್ನು ಕಣ್ಣಾರೆ ಕಂಡರು. "ಕೂಸಿಗೆ ಹೊಚ್ಚಿದಂಗ ಹೊಚ್ಚೀರಲ್ಲ ಅಕ್ಕಾರ," ಎಂದು ಮೆಚ್ಚಿ, ಗಿರಮಿಟ್ ತಿಂದು, ಚಹಾ ಕುಡಿದು ಹೋದರು. ಇದಕ್ಕೆ ಗಾಳಿ ಬೇಕು, ಬಟ್ಟೆ ಬೇಡ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆ ಹೊಗಳಿಕೆ ಕೇಳಿದ ಮೇಲೆ ಅವಳು ಓಣಿಯ ಉಳಿದ ಮನೆಗಳ ಬ್ಯಾಟರಿಗೂ ಹೊಲಿದುಕೊಟ್ಟಳು.

ಮದುವೆಯ ಗಾದಿ ಮುಟ್ಟಿಸಲು ನಾನು ಅಂತೂರ ಬೆಂತೂರ ಹಳ್ಳಿಗೆ ಹೋದ ಮಧ್ಯಾಹ್ನ, ಕಾವು ಹೋಗಲು ದಾರಿಯಿಲ್ಲದೆ ಒಂದು ಪೆಟ್ಟಿಗೆ ಹೊತ್ತಿಕೊಂಡಿತು. ಅದರಿಂದ ಮಗ್ಗುಲಿನದು, ಅಲ್ಲಿಂದ ಹತ್ತಿ. ಬಾಗಿಲೇ ಬೆಂಕಿಯಾದರೆ ಒಳಗಿದ್ದವಳು ಎಲ್ಲಿಂದ ಹೊರಬರಬೇಕು? ನೆರೆಯವರು ಹಾರೆ ತಂದು ಹಿಂದಿನ ಗೋಡೆ ಒಡೆದರು. ಬ್ಯಾಟರಿ ಇಡಲು ಅವಳು ತೋರಿಸಿದ್ದ ಅದೇ ಗೋಡೆ. ಅಷ್ಟರಲ್ಲಿ ಹೊಗೆ ಅವಳ ಉಸಿರು ನಿಲ್ಲಿಸಿತ್ತು.

ವರದಿ ಕೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ನಿಮ್ಮ ಬ್ಯಾಟರಿಗಳು ಅಂಗಳದಾಚೆ ಸ್ವಂತ ಕೋಣೆಯಲ್ಲಿ, ಒಂದರಿಂದೊಂದು ದೂರ, ಫ್ಯಾನಿನ ಗಾಳಿಯಲ್ಲಿ ಸುಖವಾಗಿವೆ. ಅಂದರೆ ನಿಯಮ ನಿಮಗೆ ಗೊತ್ತಿದೆ. ನಿಮ್ಮ ಜೀವ ಕಾಯುವ ಆ ನಿಯಮವೂ ಬೆಟಗೇರಿಯ ಓಣಿಗೆ ಬರುವಷ್ಟರಲ್ಲಿ ಸಾಲದೇ ಹೋಯಿತೇ?

ನಾನು ಕೇಳುವುದಿಷ್ಟೇ. ವರದಿಯಲ್ಲಿ ಅವಳ ಮೇಲೆ ಹೊರಿಸಿದ ತಪ್ಪನ್ನು ತೆಗೆಯಿರಿ. ಉಳಿದ ಮನೆಗಳ ಪೆಟ್ಟಿಗೆಗಳನ್ನು ಬಾಗಿಲಿನಿಂದ, ಮಲಗುವ ಜಾಗದಿಂದ ದೂರ, ಹೊರಗೆ, ನಡುವೆ ಗಾಳಿಯಾಡುವಷ್ಟು ಅಂತರ ಬಿಟ್ಟು ಇಡಿಸಿರಿ.

ಅವಳು ಹೊಲಿದ ಹೊದಿಕೆಗಳನ್ನು ನಾನೇ ಮನೆಮನೆಗೆ ಹೋಗಿ ತೆಗೆಸಿದೆ. ಪಕ್ಕದ ಮನೆಯ ಅಮೃತವ್ವ ತೆಗೆದಳು, ನನ್ನ ಕೈಗೆ ಕೊಡಲಿಲ್ಲ. "ಆಕಿ ಕೈಯಾಗಿಂದು ಇದೊಂದ ಉಳದೈತಿ ಅಣ್ಣಾ. ಟ್ರಂಕಿನ್ಯಾಗ ಇಟಗೋತೀನಿ," ಎಂದಳು. ಅವಳ ಬಾಗಿಲಲ್ಲೂ ಎರಡು ಪೆಟ್ಟಿಗೆಗಳು ಇನ್ನೂ ಒತ್ತಿಕೊಂಡೇ ಕುಳಿತಿವೆ. ಹೊದಿಕೆ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು, ಮಾಡಿದೆ. ಪೆಟ್ಟಿಗೆ ತೆಗೆಯುವುದು ನಿಮ್ಮದು.

ಇಂತಿ,
ನಿಮ್ಮ ವರದಿಯಲ್ಲಿ 'ಮೃತಳ ಪತಿ' ಎಂದಷ್ಟೇ ಇರುವ
ಗಾದಿ ಹೊಲಿಯುವ ಬುಡ್ಡೇಸಾಬ, ಬೆಟಗೇರಿ