ಅಕ್ಕನ ಹವಳಕ್ಕೆ ಅಗ್ಗದ ದೀಪ

ಮಂಗಳವಾರ, ನವೆಂಬರ್ ೧೨

ಟ್ಯೂಬ್‌ಲೈಟ್ ಧಾರಾಳ ಸಾಕು ಎಂದು ಹೇಳಿ ಅಕ್ಕನಿಗೆ ಉಪ್ಪುನೀರಿನ ಅಕ್ವೇರಿಯಂ ಮಾರಿದ ಅಂಗಡಿಯವನೇ ಇಂದು, "ಟ್ಯೂಬ್‌ಲೈಟಾ? ಅದರಲ್ಲಿ ಹವಳ ಬದುಕುತ್ತಾ ಸಾರ್?" ಎಂದು ನಕ್ಕ. ಅವನು ತೋರಿಸಿದ ದೀಪದ ಬೆಲೆಗೆ ಸಮುದ್ರದ ದಂಡೆಯಲ್ಲೇ ಮನೆ ಹಿಡಿಯಬಹುದಿತ್ತು. ಅವನ ಹಳೆಯ ಮಾತು ನೆನಪಿಸಿದೆ. ಜಾಣಗಿವುಡು.

ಅಕ್ಕ ತೀರಿಕೊಂಡ ಮೇಲೆ ಹವಳ ಮುದುಡಿ ಬೆಳ್ಳಗಾಗುತ್ತಿದೆ. ಅವಳದೆಂದು ಉಳಿದಿರುವುದು ಅದೂ ಎರಡು ಮೀನೂ ಅಷ್ಟೇ. ಹಠಕ್ಕೆ ಬಿದ್ದು ಬೇರೆಲ್ಲೋ ಅಗ್ಗದ ನೀಲಿ ಎಲ್ಇಡಿ ಹುಡುಕಿ ತಂದು ಸಂಜೆ ಕಟ್ಟಿದೆ.

"ಇದು ಮನೆಯೋ, ನಾಟಕದ ಸ್ಟೇಜೋ?" ಅಡುಗೆಮನೆಯಿಂದಲೇ ಹೆಂಡತಿ ಚುಚ್ಚಿದಳು.

ಸ್ವಲ್ಪ ಹೊತ್ತಿಗೆ ಹವಳ ಬೆರಳು ಬಿಚ್ಚಿತು. ಗೆದ್ದೆ ಅಂದುಕೊಂಡೆ. ಆಗ ಮೀನುಗಳೆರಡೂ ಎಡಮೂಲೆಗೆ ಹೋಗಿ ಬಾಯಿ ತೆರೆದು ನಿಂತವು. ಮೇವು ಹಾಕುವ ಮುನ್ನ ಅಕ್ಕ ಉಂಗುರದಿಂದ ಗಾಜು ತಟ್ಟಿ ಕರೆಯುತ್ತಿದ್ದ ಮೂಲೆ ಅದು. ನಾನು ತಟ್ಟಿದರೆ ಒಂದು ದಿನವೂ ಬಂದವಲ್ಲ.

"ರೀ, ಗಾಜು ಯಾಕೆ ತಟ್ತಿದ್ದೀರಿ? ಒಡೆದೀತು," ಎಂದಳು ಹೆಂಡತಿ ಅಡುಗೆಮನೆಯಿಂದಲೇ.

ನಾನು ಗಾಜಿನಿಂದ ದೂರ, ಬಾಗಿಲ ಬಳಿ ಕೈಕಟ್ಟಿ ನಿಂತಿದ್ದೆ.

ಹವಳಕ್ಕೂ ಕತ್ತಲೆ ಬೇಕು, ದೀಪ ಆರಿಸಬೇಕು. ಸ್ವಿಚ್ ಇರುವುದು ಆ ಎಡಮೂಲೆಯಲ್ಲೇ. ಇನ್ನೊಂದು ಸಾಲು ಬರೆದು ಎದ್ದರಾಯಿತು.