ಗಬ್ಬೂರಿನ ದ್ರಾಕ್ಷಿ ತೋಟದವರೆಗೆ

ಖಾಜಾ, ನನ್ನ ದೋಸ್ತಾ,

ನೀನಿದ್ದಾಗ ನಿನಗೆ ಒಂದು ಪತ್ರವನ್ನೂ ಬರೆಯಲಿಲ್ಲ. ಬರೆಯುವ ಅಗತ್ಯವಾದರೂ ಎಲ್ಲಿತ್ತು? ಮಾನ್ವಿಯ ಒಂದೇ ಹೈಸ್ಕೂಲಿನಲ್ಲಿ ನೀನು ಡ್ರಾಯಿಂಗ್ ಮಾಸ್ತರ, ನಾನು ಗಣಿತದ ಮಾಸ್ತರ. ಎರಡು ಓಣಿ ದಾಟಿದರೆ ನಿನ್ನ ಮನೆ. ನೀನು ಹೋಗಿ ಮೂರು ವರ್ಷವಾದ ಮೇಲೆ ಈಗ ಕಾಗದ ಹಿಡಿದು ಕೂತಿದ್ದೇನೆ. ತಲುಪುವುದಿಲ್ಲ ಅಂತ ಗೊತ್ತು. ಆದರೂ...

ತುರ್ತುಪರಿಸ್ಥಿತಿ ಮುಗಿದ ಮರುವರ್ಷದ ಶಿವರಾತ್ರಿ ನೆನಪಿದೆಯೇ? ಬೆಳಗಿನ ಚಹಾ ಕುಡಿಯುತ್ತಿದ್ದೆ. ನೀನು ನಿನ್ನ ಸೈಕಲ್ಲಿನ ಜೊತೆ ನಿನ್ನ ಭಾವಮೈದುನನ ಸೈಕಲ್ಲನ್ನೂ ತಂದು ನನ್ನ ಕಟ್ಟೆಗೆ ಒರಗಿಸಿ, "ನಡೀ ಅಮರೇಶಾ, ದೇವದುರ್ಗಕ್ಕ ಹೋಗೂಣು" ಅಂದೆ. "ಬಸ್ ಇಲ್ಲೇನು?" ಅಂದೆ ನಾನು. "ಬಸ್ಸಿನ್ಯಾಗ ಕುಂತ್ರ ಕೋಟಿ ಕಾಣಸ್ತಾವೇನಲೇ?" ಅಂತ ಬೈದೆ. ಕೋಟೆ ಕೊತ್ತಲಗಳ ಚಿತ್ರ ಬರೆಯುವ ಹುಚ್ಚು ನಿನಗೆ. ಮೂರು ದಿನ ರಜೆ ಇತ್ತು, ಮೂರು ದಿನವೂ ತಿರುಗಿದೆವು. ಡಾಂಬರು ರಸ್ತೆ ಬಿಟ್ಟು ಕಾಲುವೆ ದಂಡೆಯ ದಾರಿ ಹಿಡಿದೆವು. ಲಾರಿ ಇಲ್ಲ, ಬಸ್ಸಿಲ್ಲ, ವಾರಕ್ಕೊಮ್ಮೆ ನೀರಾವರಿ ಇಲಾಖೆಯ ಜೀಪು ಬಂದರೆ ಬಂತು. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಕಣ್ಣು ಹೋದಷ್ಟು ದೂರ ಸಪಾಟು ಭತ್ತದ ಗದ್ದೆ. ಏರಿಲ್ಲ, ಇಳಿಜಾರಿಲ್ಲ. ಮೂವತ್ತು ದಾಟಿದ ಇಬ್ಬರು ಮಾಸ್ತರರು ಹ್ಯಾಂಡಲ್ ಬಿಟ್ಟು, ಕೈ ಚಾಚಿ, ಕೂಗಾಡುತ್ತ ಹೋದದ್ದನ್ನು ಕೊಕ್ಕರೆಗಳಲ್ಲದೆ ಬೇರೆ ಯಾರು ಕಂಡರು?

ಸಿರವಾರ ದಾಟಿದ ಮೇಲೆ ಕಾಲುವೆ ಕೈಬಿಟ್ಟಿತು, ಬಂಡಿ ದಾರಿ, ಕರಿ ಮಣ್ಣಿನ ಬಯಲು. ಅಷ್ಟು ಬಯಲಿನಲ್ಲಿ ದೂರದ ಊರಿನ ಕೊತ್ತಲ ಒಂದೇ ತಲೆಯೆತ್ತಿ ನಿಂತಿರುತ್ತಿತ್ತು. ಕಂಡಕೂಡಲೇ ನೀನು ಬ್ರೇಕ್ ಹಾಕಿ, ಬೇವಿನ ನೆರಳಲ್ಲಿ ಕೂತು, ಚಿತ್ರ ಬರೆಯುವ ಹಲಗೆ ತೆಗೆಯುತ್ತಿದ್ದೆ. ದೇವದುರ್ಗದ ಕೋಟೆಯ ಮುರಿದ ಗೋಡೆಯ ಮುಂದೆ ಒಂದು ಇಡೀ ಬೆಳಗು ಕೂಡಿಸಿದೆಯಲ್ಲ ನನ್ನನ್ನು! "ಇಷ್ಟು ಹೊತ್ತು ಏನ್ ನೋಡ್ತೀ ಮಾರಾಯಾ?" ಅಂದರೆ, "ಪ್ರತಿ ಕಲ್ಲಿನ ನೆರಳು ಬ್ಯಾರೆ ಅದ, ನೀನೂ ನೋಡು" ಅಂದೆ. ನನಗೆ ಎಲ್ಲ ಕಲ್ಲೂ ಒಂದೇ ಥರ ಕಂಡವು. ನಿನ್ನ ಕಾಗದದ ಮೇಲೆ ಬಂದ ನಂತರವೇ ಬೇರೆ ಬೇರೆ ಕಂಡದ್ದು.

ಗಬ್ಬೂರಿನ ಹತ್ತಿರ ಸಂಗನಗೌಡರ ತೋಟಕ್ಕೆ ಹೊಕ್ಕಾಗ ಮಟಮಟ ಮಧ್ಯಾಹ್ನ. ಸುತ್ತ ಜೋಳದ ಒಣ ಕೂಳೆ, ನಡುವೆ ದೊಡ್ಡ ಬಾವಿ, ಬಾವಿಯ ಸುತ್ತ ಕಲ್ಲುಕಂಬದ ಮೇಲೆ ದ್ರಾಕ್ಷಿ ಚಪ್ಪರ. ನೀರು ಕೇಳಲು ಹೋದವರಿಗೆ ಗೌಡರು, "ಬರ್ರಿ ಮಾಸ್ತರ, ಒಳಗ ಬರ್ರಿ, ನೆಳ್ಳಿಗೆ ಕುಂದರ್ರಿ" ಅಂತ ಚಪ್ಪರದ ಕೆಳಗೆ ಕಂಬಳಿ ಹಾಸಿದರು. ತಲೆಯ ಮೇಲೆ ಹಸಿರು ಗೊಂಚಲು, ಎಲೆಯ ಸಂದಿಯಿಂದ ಚೂರು ಚೂರು ಬಿಸಿಲು. ನಿಜಾಮರ ಕಾಲದಲ್ಲಿ ಹೈದರಾಬಾದಿನ ತೋಟವೊಂದರಲ್ಲಿ ದುಡಿದು ಕಲಿತು ಬಂದವರಂತೆ. "ಈ ನೆಲದಾಗ ದ್ರಾಕ್ಷಿ ಬರಂಗಿಲ್ಲ ಅಂತ ಮಂದಿ ನಕ್ಕಿದ್ರು. ತಿಂದು ಹೇಳ್ರಿ" ಅಂದರು. ನೀನು ಒಂದು ಇಡೀ ಗೊಂಚಲು ಮುಗಿಸಿದೆ. ಆಮೇಲೆ ಅಂಗಾತ ಮಲಗಿ, ಅದೇ ಚಪ್ಪರವನ್ನು ಕೆಳಗಿನಿಂದ ಬಿಡಿಸಿದೆ. ಅಲ್ಲಿಂದ ಪ್ರತಿ ಶಿವರಾತ್ರಿಗೂ ನಮ್ಮ ದಾರಿ ಅದೇ: ದೇವದುರ್ಗ, ಗೌಡರ ತೋಟ, ರಾಯಚೂರಿನ ಕೋಟೆ, ಮನೆ.

ನಾಲ್ಕನೆಯ ಸಲ ಕಾಲುವೆ ದಂಡೆಯ ಮೇಲೆ ನೀನು ಎಮ್ಮೆಗೆ ಗುದ್ದಿದೆ. ಎದ್ದು ಮಣ್ಣು ಕೊಡವಿಕೊಂಡು, "ಇದು ಎಲ್ಲಿಂದ ಬಂತಲೇ?" ಅಂದೆ. ನಾನು ಹೊಟ್ಟೆ ಹಿಡಿದು ನಕ್ಕೆ. ಎಮ್ಮೆ ಎಲ್ಲಿಂದಲೂ ಬಂದಿರಲಿಲ್ಲ, ಆಗಿನಿಂದ ನಿನ್ನ ಎಡಕ್ಕೇ ನಿಂತಿತ್ತು. ಆ ವರ್ಷ ನೀನು ಬರೆದ ರಾಯಚೂರು ಕೋಟೆಯ ಚಿತ್ರದಲ್ಲಿ ಎಡಬದಿಯ ಬುರುಜು ಅರ್ಧಕ್ಕೇ ನಿಂತಿತ್ತು. ಬೇಕೆಂದೇ ಬಿಟ್ಟಿದ್ದೀಯ ಅಂದುಕೊಂಡೆ. ನಗದೆ ಅವತ್ತೇ ನಿನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದರೆ...

ಹೋದೆವು, ಒಂದು ವರ್ಷ ಬಿಟ್ಟು. ರಾಯಚೂರಿನ ಕಣ್ಣಿನ ಡಾಕ್ಟರು ನಿನ್ನ ಮುಖದ ಮುಂದೆ ಬೆರಳು ಆಡಿಸಿ, ಬ್ಯಾಟರಿ ಬಿಟ್ಟು, ಬಹಳ ಹೊತ್ತು ನೋಡಿ, ಕಣ್ಣಿನೊಳಗಿನ ಒತ್ತಡ ನರವನ್ನು ತಿಂದುಹಾಕಿದೆ, ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದೂ ಎಷ್ಟು ದಿನವೋ ಅಂದರು. ಹೊರಗೆ ಬಂದು ನೀನು ಮೊದಲು ಕೇಳಿದ್ದು ಏನು? "ಇನ್ನ ಎಷ್ಟು ಶಿವರಾತ್ರಿ ಸಿಗತಾವಂತಿ?" ಎರಡು ಸಿಕ್ಕವು.

ಕೊನೆಯ ಸಲ ನೀನು ನನ್ನ ಕ್ಯಾರಿಯರ್ ಮೇಲೆ ಕೂತಿದ್ದೆ. ಶಾಲೆಗೆ ಹೋಗುವುದು ನಿಂತು ಆಗಲೇ ಆರು ತಿಂಗಳು. ಎಡಗೈಯಲ್ಲಿ ನನ್ನ ಅಂಗಿ ಹಿಡಿದು ದಾರಿಯುದ್ದಕ್ಕೂ ಕೇಳುತ್ತಿದ್ದೆ: "ಈಗ ಏನದ? ನೀರು ಎಷ್ಟದ? ಕೋಟಿ ಕಾಣಾಕತ್ತದೇನು?" ನಾನು ಏದುಸಿರು ಬಿಡುತ್ತ ಹೇಳುತ್ತಿದ್ದೆ. ಗಬ್ಬೂರು ಹತ್ತಿರವಾದಾಗ ನಾನು ಸುಮ್ಮನಾದೆ. ಗೌಡರು ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದರಂತೆ, ಮಕ್ಕಳು ಚಪ್ಪರ ಕಿತ್ತು ಹತ್ತಿ ಹಾಕಿದ್ದರು. ಕಲ್ಲುಕಂಬಗಳು ಬಾವಿಯ ಪಕ್ಕ ರಾಶಿ ಬಿದ್ದಿದ್ದವು.

"ತ್ವಾಟ ಬಂತಲ್ಲ? ಯಾಕ ಬಾಯಿ ಮುಚ್ಚಿದಿ?" ಅಂದೆ ನೀನು.

"ಹತ್ತಿ ಅದ, ಖಾಜಾ. ಚಪ್ಪರ ಇಲ್ಲ."

ನೀನು ಕೆಳಗಿಳಿದೆ. ಗಾಳಿಗೆ ಮುಖ ಕೊಟ್ಟು, "ಸುಳ್ಳು ಹೇಳಿದ್ರೂ ನಡೀತಿತ್ತಲೇ" ಅಂದೆ. ಬೈಗುಳವಿರಲಿಲ್ಲ ಆ ದನಿಯಲ್ಲಿ. "ವಾಪಸ್ ಹೋಗೂಣು." ರಾಯಚೂರಿನ ಕೋಟೆಗೆ ಹೋಗಲಿಲ್ಲ. ಆಮೇಲೆ ಎಷ್ಟು ಕರೆದರೂ ನೀನು ಸೈಕಲ್ ಹತ್ತಲಿಲ್ಲ. ಅವತ್ತು ಹೇಳಬಾರದಿತ್ತೇ? ಗೊಂಚಲು ಜೋತಾಡುತ್ತಿವೆ, ಬಾಗಿಲು ಹಾಕಿದ್ದಾರೆ ಅಂತ ಮುಂದೆ ತುಳಿದುಬಿಡಬಹುದಿತ್ತೇ? ಇಂದಿಗೂ ತಿಳಿಯದು.

ನಿನಗೆ ಕಾಮಾಲೆಯಾದಾಗ ನಾನು ದಿನವೂ ಬಂದು ಕೂಡುತ್ತಿದ್ದೆ. ಹದಿನೆಂಟು ದಿನ. ನೀನು ಕೋಟೆ ಎನ್ನಲಿಲ್ಲ, ಕಾಲುವೆ ಎನ್ನಲಿಲ್ಲ. ಕೇಳಿದ್ದಕ್ಕೆ ಹೂಂ, ಹೂಂ. ಬದುಕಬೇಕೆಂಬ ಆಸೆ ಇದ್ದವನ ಹಾಗೆ ಒಂದು ಗುಟುಕು ಗಂಜಿ ಕುಡಿಯಲಿಲ್ಲ. ನಿನ್ನನ್ನು ಹೊತ್ತವರಲ್ಲಿ ನನ್ನ ಹೆಗಲೂ ಇತ್ತು. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

ನಿನ್ನ ಕಣ್ಣು ತೋರಿಸಿದ ಆ ದಿನ ಡಾಕ್ಟರ ಕೋಣೆಯಿಂದ ನೀನು ಮುಂದೆ ಹೋದೆ. ಅವರು ನನ್ನನ್ನು ಹಿಂದಕ್ಕೆ ಕರೆದರು. "ಇದು ಮನೆತನದಾಗ ಬರೋ ಬ್ಯಾನಿ ಇರತದ ಮಾಸ್ತರ. ಇವರ ಮಕ್ಕಳನ್ನ ವರ್ಷಕ್ಕೊಮ್ಮೆ ತೋರಿಸಬೇಕು. ಮೊದಲ ಸಿಕ್ಕರ ಔಷಧ ನಡೀತದ" ಅಂದರು. ನಾನು ತಲೆಯಾಡಿಸಿ ಬಂದೆ. ನಿನಗೆ ಹೇಳಲಿಲ್ಲ. ಯಾಕೆ? ಹೇಳಿದರೆ ನೀನು ಮಗಳ ಚಿಂತೆಯಲ್ಲಿ ಬೀಳುತ್ತೀಯ, ಉಳಿದೆರಡು ಶಿವರಾತ್ರಿಯೂ ಹಾಳು... ನಾಳೆ ಹೇಳಿದರಾಯಿತು, ತಿರುಗಾಟ ಮುಗಿಸಿ ಬಂದು ಹೇಳಿದರಾಯಿತು. ನೀನು ಹೋದ ಮೇಲೆ ನಿನ್ನ ಹೆಂಡತಿಗೆ, ಫಾತಿಮಾ ಭಾಬಿಗೆ ಹೇಳಬಹುದಿತ್ತಲ್ಲ? ಅಷ್ಟರಲ್ಲಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಆಕೆ ಕೇಳಿಯಾಳೆಂದು ಹೆದರಿದೆ.

ಹೋದ ಬೇಸಿಗೆಯಲ್ಲಿ ಭಾಬಿ ಮನೆಗೆ ಬಂದು, "ಜುಬೇದಾ ಬಾಗಲಿಗೆ ಬಡಕೊಳ್ಳಾಕತ್ತಾಳ ಭಯ್ಯಾ. ಹದಿನಾರು ವರ್ಷದಾಕಿ, ಲಕ್ಷ್ಯ ಇಟ್ಟು ನಡಿಯಂಗಿಲ್ಲ" ಅಂದಳು. ಆಕೆ ಮಾತು ಮುಗಿಸುವ ಮೊದಲೇ ನನಗೆ ಗೊತ್ತಾಯಿತು, ಖಾಜಾ. ಅದೇ ಡಾಕ್ಟರು. ಅದೇ ಬ್ಯಾಟರಿ. ಎಡಗಣ್ಣು ಹೋಗಿದೆ. ಬಲಗಣ್ಣಿನಲ್ಲಿ ನಡುವಿನದು ಮಾತ್ರ ಉಳಿದಿದೆ. ನಾಲ್ಕೈದು ವರ್ಷ ಮೊದಲು ಬಂದಿದ್ದರೆ ಅಂದರು. ಅವರಿಗೆ ನನ್ನ ಗುರುತು ಸಿಗಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ನಿಂತು ಭಾಬಿಗೆ ಎಲ್ಲ ಹೇಳಿಬಿಟ್ಟೆ. ಆಕೆ ಒಂದೇ ಮಾತು ಕೇಳಿದಳು: "ಅವರಿಗೂ ಹೇಳಿದ್ದಿಲ್ಲೇನು?" "ಇಲ್ಲ" ಅಂದೆ. ಮಗಳ ಕೈ ಹಿಡಿದು ಹೊರಟಳು. ಅವತ್ತಿನಿಂದ ನನ್ನೊಂದಿಗೆ ಮಾತಿಲ್ಲ. ಆಡಲಿ ಅಂತ ನಾನು ಯಾವ ಬಾಯಿಂದ ಕೇಳಲಿ?

ಜುಬೇದಾ ಮಾತ್ರ ಮಾತಾಡುತ್ತಾಳೆ. ಹೋದ ತಿಂಗಳು ಡಾಕ್ಟರ ಹತ್ತಿರ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ, ಅವ್ವ ಟಿಕೆಟಿಗೆ ಹೋದಾಗ, ನನ್ನ ಕಡೆ ಮುಖ ಪೂರ್ತಿ ತಿರುಗಿಸಿ, "ಚಾಚಾ, ಅಬ್ಬಾಗ ಎಲ್ಲಾ ಕತ್ತಲಿ ಆಗಾಕ ಎಷ್ಟು ದಿನ ಹಿಡೀತು?" ಅಂದಳು. ಈ ಸಲ ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಆದರೆ ಬಸ್ ಬರುವ ದಾರಿ ನೋಡುತ್ತ ನಿಂತುಬಿಟ್ಟೆ. ಅವಳು ಕಾಯ್ದಳು, ಆಮೇಲೆ ಮುಖ ತಿರುಗಿಸಿಕೊಂಡಳು.

ಬರುವ ಸೋಮವಾರ ಜುಬೇದಾಳ ಕಣ್ಣು ತೋರಿಸಲು ಮತ್ತೆ ರಾಯಚೂರಿಗೆ ಹೋಗಬೇಕು. ತಾಯಿ ಮಗಳು ಮುಂದಿನ ಸೀಟಿನಲ್ಲಿ ಕೂಡುತ್ತಾರೆ, ನಾನು ಹಿಂದೆ. ನನ್ನನ್ನು ಯಾರೂ ಕರೆದಿಲ್ಲ. ನಾನು ಹೋದದ್ದರಿಂದ ಅವಳ ಕಣ್ಣೇನೂ ಉಳಿಯುವುದಿಲ್ಲ. ಆದರೂ ಹೋಗುತ್ತೇನೆ.

ನಿನ್ನ
ಅಮರೇಶ