ಒಳಗೆ ಬಿಟ್ಟ ಬಟ್ಟೆ

ಅಪ್ಪಾ,

ಇವತ್ತು ಮ್ಯೂಸಿಯಂನವರು ಬಂದು ಮನೆ ಖಾಲಿ ಮಾಡಿದರು. ನಾಟಕಗಳಿಗೆ ನಾನು ಹೊಲಿದ ಉಡುಪು, ಬಂಗಲೆಗಳಿಗೆ ಮಾಡಿದ ಪರದೆ, ಹುಲಿಕಾಲಿನ ಕುರ್ಚಿ, ನವಿಲುಬಣ್ಣದ ನನ್ನ ಕೋಟುಗಳು, ಎಲ್ಲ ಲಾರಿ ಹತ್ತಿದವು. ಲಾರಿ ಬಾಡಿಗೆ ಅವರದೇ, ಮೊದಲೇ ಮಾತಾಡಿಕೊಂಡಿದ್ದೆ. ನೀನಿದ್ದಾಗ “ಗಿಣಿಗೂ ನಾಚಿಕೆಯಾಗುತ್ತೆ ಕಣೋ” ಎನ್ನುತ್ತಿದ್ದ ಬಣ್ಣಗಳನ್ನು ಈಗ ಗಾಜಿನೊಳಗಿಟ್ಟು ಜನರಿಗೆ ತೋರಿಸುತ್ತಾರಂತೆ.

ಬಂದಿದ್ದ ಮೇಡಂ ರಾಜನ ನಿಲುವಂಗಿಯನ್ನು ತಿರುವಿ ನೋಡಿ, “ಸರ್, ಅಂಚಿನ ಒಳಗೆ ಇಷ್ಟೊಂದು ಬಟ್ಟೆ ಮಡಚಿದ್ದೀರಲ್ಲ, ಯಾಕೆ?” ಎಂದರು.

“ರಾಜ ಇನ್ನೂ ಬೆಳೀಬಹುದು, ಮೇಡಂ.”

ಅವರು ನಕ್ಕರು. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ನಿನ್ನ ಪಕ್ಕ ಕೂತು ಕಲಿತ ಕೈ ಇದು. ಬೆಳೆಯುವ ಮಕ್ಕಳಿಗೆಂದು ನೀನು ಬಟ್ಟೆ ಬಿಡುತ್ತಿದ್ದೆ, ನಾನು ರಾಜರಿಗೂ ಬಿಟ್ಟೆ.

ನಾಡಿದ್ದು ಪ್ರದರ್ಶನದ ಉದ್ಘಾಟನೆ. ಹಾಕಿಕೊಳ್ಳಲು ಏನಾದರೂ ಉಳಿದಿದೆಯೇ ಎಂದು ಸಂಜೆ ಬೀರು ತೆರೆದರೆ, ಇದ್ದದ್ದು ಒಂದೇ. ನಾನು ಉಡುಪು ಮಾಡಿದ ಮೊದಲ ನಾಟಕದ ದಿನಕ್ಕೆಂದು ನೀನು ಹೊಲಿದುಕೊಟ್ಟ ಬಿಳಿ ಅಂಗಿ. ಅವತ್ತು ನಾನು ಕೆಂಪು ಮಖಮಲ್ಲು ಹಾಕಿದ್ದೆ. ನೀನು ಕೊನೆಯ ಸಾಲಿನಲ್ಲಿ ಕೂತಿದ್ದೆ.

ಹಾಕಿ ನೋಡಿದೆ. ಗುಂಡಿಗೂ ಕಾಜಕ್ಕೂ ಭೇಟಿಯೇ ಆಗಲಿಲ್ಲ. ಅಂಗಿ ಬಿಚ್ಚಿ ಒಳಗಿನ ಹೊಲಿಗೆ ನೋಡಿದರೆ, ಎರಡೂ ಪಕ್ಕದಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟಿದ್ದೀಯ. ಮಗ ಉದ್ದಕ್ಕೆ ಬೆಳೆದು ಮುಗಿಸಿದ, ಇನ್ನೇನಿದ್ದರೂ ಅಡ್ಡಕ್ಕೇ ಎಂದು ನಿನಗೆ ಆಗಲೇ ಗೊತ್ತಿತ್ತು! ಆ ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆ ಹೊರಗೆ ಬಿಟ್ಟು ಮತ್ತೆ ಹೊಲಿದೆ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಅಂಗಿಯೆಲ್ಲ ಹಳದಿಗೆ ತಿರುಗಿದೆ, ಒಳಗಿದ್ದ ಬಟ್ಟೆ ಮಾತ್ರ ಇನ್ನೂ ಹೊಸ ಬಿಳುಪು. ನಾಡಿದ್ದು ಕೈ ಎತ್ತಿದರೆ ಎಲ್ಲರಿಗೂ ಕಾಣುತ್ತದೆ. ಕಾಣಲಿ. ತೋರಿಸಿಕೊಳ್ಳುವುದರಲ್ಲಿ ನಿನ್ನ ಮಗ ಯಾವತ್ತು ಹಿಂದೆ ಬಿದ್ದಿದ್ದಾನೆ?